ಗಾಳಿ ಹಿಡಿದ ಸೂಟು

ಬೆಳಗಿನ ಆರೂವರೆ. ರೋಗಿಗಳು ಬರುವ ಮೊದಲು
ನೀರಿನ ತೊಟ್ಟಿಯಲ್ಲಿ ಬೆರಳುದ್ದದ ಕೊಳವೆ ಇಳಿಬಿಟ್ಟು
ಮಿಷನ್ನಿಗೆ ನೂರು ಕೊಡು ಎನ್ನುತ್ತೇನೆ.
ಎಂಬತ್ತೊಂಬತ್ತು ಎನ್ನುತ್ತದೆ ಮೀಟರು.
ಸುಳ್ಳಲ್ಲ. ಹಾಸನ ಸಮುದ್ರದಿಂದ ಮೂರು ಸಾವಿರ ಅಡಿ ಮೇಲೆ,
ಕೊಳವೆಯೊಳಗಿನ ಗಾಳಿಯೇ ಇಲ್ಲಿ ತೆಳು.
ಒತ್ತಡ ನೋಡಿ, ನೀರಿನ ಬಿಸಿ ನೋಡಿ
ಕಳೆದ ಹನ್ನೊಂದನ್ನು ಗುಣಾಕಾರ ಮಾಡಿ ವಾಪಸು ಬರೆಯುತ್ತೇನೆ,
ದಿನವೂ.

ಇದನ್ನು ಕೇಳಿ ನಕ್ಕವರು ಬೋರಲಿಂಗಯ್ಯ ಒಬ್ಬರೇ.
"ಹಂಗಾದ್ರೆ ಗಾಳಿನೂ ಸೂಟು ಹಿಡೀತದೆ ಅನ್ನಿ."
ಆಲೂಗಡ್ಡೆ ಮಂಡಿಯಲ್ಲಿ ಮೂವತ್ತೊಂದು ವರ್ಷ ತೂಕದವರು;
ಮೂಟೆಗಿಷ್ಟು ಎಂದು ದಲ್ಲಾಳಿ ಮುರಿದುಕೊಳ್ಳುವುದನ್ನು
ನೋಡಿಯೂ ನೋಡದಂತೆ ಚೀಟಿ ಬರೆದವರು.
ಅವರ ತೂಕದ ಕಲ್ಲಿಗೆ ವರ್ಷಕ್ಕೊಮ್ಮೆ ಸರ್ಕಾರಿ ಮುದ್ರೆ.
ನನ್ನ ಕೊಳವೆಯೂ ಮುಂಬಯಿಗೆ ಹೋಗಿ
ಮುದ್ರೆ ಹಾಕಿಸಿಕೊಂಡೇ ಬರಬೇಕು ಅಂದೆ.
ಅವತ್ತಿನಿಂದ ನಾವಿಬ್ಬರೂ ಒಂದೇ ಕಸುಬಿನವರು.

ಪರದೆ ತೋರಿಸಿದಾಗ ಹೇಳಿದ್ದು:
"ಅಂಗಮಾರಿ ಬಿದ್ದ ಗಡ್ಡೆ ಹೊರಗಿಂದ ಚಿನ್ನದಂಗಿರ್ತದೆ ಮೇಡಂ.
ಕೊಯ್ದ್ರೇ ಕಪ್ಪು ಕಾಣೋದು.
ನೀವು ಕೊಯ್ಯದೇನೇ ಹೋಳು ಮಾಡಿದ್ದೀರಿ."
ಹೌದು. ಮೂರು ಮಿಲಿಮೀಟರಿಗೊಂದು ಹೋಳು.
ಮೈಸೂರಲ್ಲಿ ತೆಗೆಸಿದ ಪೆಟ್ ಚಿತ್ರದಲ್ಲಿ
ನಾಲಿಗೆಯ ಬುಡ, ಸಕ್ಕರೆ ಕದ್ದು ತಿಂದು ಹೊಳೆಯುತ್ತಿತ್ತು.
ಸಾಫ್ಟ್‌ವೇರು ಎರಡು ನಿಮಿಷದಲ್ಲಿ ಸರಹದ್ದು ಎಳೆದು ಮುಗಿಸಿತು:
ಬೆನ್ನುಹುರಿ, ದವಡೆ, ಧ್ವನಿಪೆಟ್ಟಿಗೆ.
(ನಮ್ಮ ಸರ್ವೆಯರು ಹೀಗೆ ಎಳೆದಿದ್ದರೆ
ಅರ್ಧ ಕೋರ್ಟು ಖಾಲಿ.)
ಎಡಗಿವಿಯ ಕೆಳಗಿನ ಜೊಲ್ಲಿನ ಗ್ರಂಥಿಯನ್ನು ಮಾತ್ರ
ಪಕ್ಕದ ಸ್ನಾಯುವಿಗೆ ಸೇರಿಸಿಬಿಟ್ಟಿತ್ತು.
ಡಾಕ್ಟರೂ ನಾನೂ ಕೈಯಲ್ಲೇ ತಿದ್ದಿದೆವು.

"ಜೊಲ್ಲು ಹೋದ್ರೆ?"
ಬಾಯಿ ಒಣಗುತ್ತದೆ.
"ಮುದ್ದೆ ಅಗಿಯೋ ಪದಾರ್ಥ ಅಲ್ಲ. ಜಾರಬೇಕು.
ಜೊಲ್ಲಿಲ್ದೆ ಹೆಂಗೆ ಜಾರ್ತದೆ?"
ಪುಸ್ತಕದ ಮಿತಿ ಇಪ್ಪತ್ತಾರು ಗ್ರೇ.
ರಾತ್ರಿ ಹನ್ನೊಂದರ ತನಕ ಕೋನ ತಿರುಗಿಸಿ, ಮತ್ತೆ ತಿರುಗಿಸಿ
ಇಪ್ಪತ್ತನಾಲ್ಕಕ್ಕೆ ಇಳಿಸಿದೆ.
ಯಾವ ಸಂಶೋಧನಾ ಪತ್ರಿಕೆಗೂ ಬೇಡದ ಎರಡು ಗ್ರೇ.

ಹದಿನೇಳನೆಯ ದಿನ. ಬಿತ್ತನೆ ಗಡ್ಡೆ ಹೊತ್ತ ಜಲಂಧರದ ಲಾರಿಗಳು
ಬೈಪಾಸಿನುದ್ದಕ್ಕೂ ನಿಂತಿದ್ದವು, ಅವರು ತೂಗಬೇಕಿದ್ದ ಲಾರಿಗಳು.
ಬಿಸಿನೀರಲ್ಲಿ ಮೆದುಮಾಡಿ ಮುಖಕ್ಕೊತ್ತಿ ತೆಗೆದ ಜಾಲರಿ
ಕೆನ್ನೆಗೆ ತಾಗದೆ ದೂರ ನಿಂತಿತ್ತು.
ಮೇಜಿನ ಮೇಲೇ ತೆಗೆದ ಅಂದಿನ ಚಿತ್ರವನ್ನು
ಮೊದಲ ಚಿತ್ರದ ಮೇಲಿಟ್ಟೆ. ಕೂಡಲಿಲ್ಲ.
ಗ್ರಂಥಿ ನಾಲ್ಕು ಮಿಲಿಮೀಟರು ಒಳಸರಿದು
ಕಿರಣದ ದಾರಿಯಲ್ಲೇ ಬಂದು ಕೂತಿದೆ.
ನಾನು ಕಾಯುತ್ತಿದ್ದ ಜಾಗದಲ್ಲಿ ಬರೀ ಗಾಳಿ.

"ಎಷ್ಟು ಲಾಸು?" ಸ್ವರ ಗೊರಗೊರ.
ಏಳು ಕೆಜಿ.
ಮೊದಲಿನ ಐವತ್ತೆಂಟನ್ನು ನೆನೆದು ಬೆರಳು ಮಡಚಿದರು.
"ನೂರಕ್ಕೆ ಹನ್ನೆರಡು.
ಗಾಳಿಗಿಂತ ಒಂದು ಜಾಸ್ತಿ ಹಿಡಿದ್ರಿ."

ಹೊಸ ಅಚ್ಚು, ಹೊಸ ಹೋಳು. ಕಂಪ್ಯೂಟರು ಲೆಕ್ಕ ಕೂಡುವ ತನಕ
ಒಂದು ಪ್ರಬಂಧ ಓದುತ್ತಿದ್ದೆ:
ಎಲ್ಲೋ ಇಲಿಗಳಿಗೆ ರೆಪ್ಪೆ ಬಡಿಯುವಷ್ಟರಲ್ಲಿ
ಪೂರ್ತಿ ಡೋಸು ಸುರಿದುಬಿಡುತ್ತಾರಂತೆ,
ಚೆನ್ನಾಗಿರುವ ಅಂಗಾಂಶ ಅಷ್ಟಾಗಿ ಬೇಯುವುದಿಲ್ಲವಂತೆ.
ನಮ್ಮಲ್ಲಿ ಮೂವತ್ತೈದು ದಿನ.
ದುದ್ದದಿಂದ ಮೂವತ್ತೈದು ಸಲ ಬಸ್ಸು,
ಕಂಡಕ್ಟರಿಗೆ ಕೈಸನ್ನೆಯಲ್ಲಿ ಟಿಕೇಟು.

ಅಕ್ಟೋಬರಿನಲ್ಲಿ ಫೋನು.
"ಉಪ್ಪು ಇನ್ನೂ ಗೊತ್ತಾಗಾಕಿಲ್ಲ. ರಾತ್ರಿ ಬಾಟ್ಲಿ ಪಕ್ಕದಲ್ಲೇ ಬೇಕು.
ಆದ್ರೆ ಇವತ್ತು ಸೊಪ್ಪಿನ ಸಾರಲ್ಲಿ ಮುದ್ದೆ ಇಳೀತು."
ಚಟ, ಕೇಳಿಬಿಟ್ಟೆ: ಎಷ್ಟು? ಕಾಲಾ, ಅರ್ಧವಾ? ಗ್ರಾಂ ಲೆಕ್ಕದಲ್ಲಿ ಹೇಳಿ.
ಆ ಕಡೆ ಯಾರೋ ಮೂಟೆ ಎತ್ತಿಹಾಕಿದ ಸದ್ದು.
"ತೂಗಲಿಲ್ಲ ಮೇಡಂ. ಉಂಡೆ."